ಜನರಿಲ್ಲದ ಕಡಲು ಎಲ್ಲಿದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಯಲುಸೀಮೆಯವನಾದರೂ ಕಡಲೆಂದರೆ ನನಗೆ ಪ್ರಾಣ. ಅಂಗಡಿ, ಧ್ವನಿವರ್ಧಕ, ಜೆಟ್ ಸ್ಕೀಗಳ ಅಬ್ಬರವಿಲ್ಲದ ಮರಳ ದಂಡೆಯ ಮೇಲೆ ಎರಡು ದಿನ ಸುಮ್ಮನೆ ಕುಳಿತು ಬರಬೇಕೆಂಬ ಆಸೆ. ಮುರ್ಡೇಶ್ವರಕ್ಕೂ ಗೋಕರ್ಣದ ಓಂ ಬೀಚಿಗೂ ಹೋಗಿ, ಜನಜಂಗುಳಿಗೆ ಬೇಸತ್ತು ಮರಳಿದ್ದೇನೆ. ‘ಏನೂ ಇಲ್ಲದ ಕಡೆ ಹೋಗಿ ಏನು ಮಾಡುತ್ತೀರಿ?’ ಎಂದು ಮನೆಯವರು ಕೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಅಂಥ ತೀರ ಇನ್ನೂ ಉಳಿದಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಉಳಿದಿದೆ, ಧಾರಾಳವಾಗಿಯೇ ಉಳಿದಿದೆ. ಕಾರವಾರದಿಂದ ತಲಪಾಡಿಯವರೆಗೆ 300 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿರುವ ನಮ್ಮ ಕರಾವಳಿಯಲ್ಲಿ ಪ್ರವಾಸಿಗರು ಮುಗಿಬೀಳುವ ಜಾಗಗಳು ಕೆಲವೇ ಕೆಲವು. ಪ್ರಸಿದ್ಧ ದೇವಸ್ಥಾನವಿದ್ದಲ್ಲಿ, ಹೆದ್ದಾರಿ ಕಡಲಿಗೆ ತಾಗಿದಲ್ಲಿ, ದೊಡ್ಡ ವಾಹನ ನಿಲುಗಡೆಯಿದ್ದಲ್ಲಿ ಜನ ಸೇರುತ್ತಾರೆ. ಇವು ಮೂರೂ ಇಲ್ಲದ ಕಡೆ ಭಾನುವಾರವೂ ಮರಳಿನ ಮೇಲೆ ನಾಯಿ, ಕಾಗೆ, ಏಡಿಗಳ ಹೆಜ್ಜೆಯೇ ಹೆಚ್ಚು.

ಎಲ್ಲಿ ಹುಡುಕಬೇಕೆಂಬುದನ್ನು ನೆಲದ ರಚನೆಯೇ ಹೇಳಿಕೊಡುತ್ತದೆ. ಘಟ್ಟದಿಂದ ಇಳಿದು ಬರುವ ನಮ್ಮ ಹಲವು ನದಿಗಳು ನೇರವಾಗಿ ಕಡಲಿಗೆ ಬೀಳದೆ, ದಂಡೆಯ ಸಮೀಪ ತಿರುಗಿ, ಕಡಲಿಗೆ ಸಮಾನಾಂತರವಾಗಿ ಸ್ವಲ್ಪ ದೂರ ಹರಿದು, ಆಮೇಲೆ ಅಳಿವೆಯನ್ನು, ಅಂದರೆ ನದಿ ಕಡಲಿಗೆ ಕೂಡುವ ಬಾಯಿಯನ್ನು, ಸೇರುತ್ತವೆ. ಹೀಗಾಗಿ ನದಿಗೂ ಕಡಲಿಗೂ ನಡುವೆ ಕಿರಿದಾದ ಮರಳಿನ ಪಟ್ಟಿಯೊಂದು ಉಳಿಯುತ್ತದೆ. ಕೋಡಿ, ಬೆಂಗ್ರೆ, ಪಡುಕೆರೆ ಎಂಬ ಹೆಸರಿನ ಊರುಗಳು ಬಹುಪಾಲು ಇಂಥ ಪಟ್ಟಿಗಳ ಮೇಲಿನವು. ಹಿಂದೆ ಹೊಳೆ, ಮುಂದೆ ಕಡಲು, ನಡುವೆ ತೆಂಗಿನ ತೋಟ, ಒಂದು ಸಾಲು ಮನೆ ಮತ್ತು ಒಂದು ಕಿರಿದಾದ ರಸ್ತೆ. ದೊಡ್ಡ ಹೋಟೆಲು ಕಟ್ಟಲು ಅಲ್ಲಿ ಜಾಗವೇ ಸಾಲದು. ಉಡುಪಿ ಜಿಲ್ಲೆಯಲ್ಲಿ ಕೋಟ ಪಡುಕೆರೆಯಿಂದ ಪಾರಂಪಳ್ಳಿ ಪಡುಕೆರೆ, ಕೋಡಿ ಕನ್ಯಾನದ ಮೇಲೆ ದಕ್ಷಿಣಕ್ಕೆ ಸಾಗುವ ತೀರವನ್ನು ನಿಮಗೆ ಮೊದಲು ಸೂಚಿಸುತ್ತೇನೆ. ಅದರ ತುದಿಯಲ್ಲಿ, ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವಲ್ಲಿರುವ ಕೋಡಿ ಬೆಂಗ್ರೆ ಈಗ ಪ್ರವಾಸಿಗರಿಗೆ ಪರಿಚಿತವಾಗಿಬಿಟ್ಟಿದೆ; ಆದರೆ ಅಲ್ಲಿಗೆ ಹೋಗುವ ದಾರಿಯುದ್ದದ ತೀರದಲ್ಲಿ ವಾಹನ ನಿಲ್ಲಿಸುವವರು ವಿರಳ. ಮರವಂತೆಯಲ್ಲಿ ಸೌಪರ್ಣಿಕಾ ನದಿಗೂ ಕಡಲಿಗೂ ನಡುವೆ ರಾಷ್ಟ್ರೀಯ ಹೆದ್ದಾರಿಯೇ ಹಾದುಹೋಗಿರುವುದರಿಂದ ನೋಟ ಅದ್ಭುತವಾದರೂ ಲಾರಿಗಳ ಸದ್ದು ಕಿವಿ ಬಿಡುವುದಿಲ್ಲ. ಅದು ನಿಮಗಲ್ಲ.

ಉತ್ತರ ಕನ್ನಡದಲ್ಲಾದರೆ ಕುಮಟಾ ತಾಲ್ಲೂಕಿನ ಧಾರೇಶ್ವರದ ಉದ್ದನೆಯ ತೀರ, ಇಲ್ಲವೇ ಅಘನಾಶಿನಿ ನದಿಯ ಅಳಿವೆಯಲ್ಲಿ ತದಡಿಯ ಎದುರು ದಡದಲ್ಲಿರುವ, ನದಿಯದೇ ಹೆಸರಿನ ಅಘನಾಶಿನಿ ಊರು. ನನ್ನ ಆಯ್ಕೆ ಎರಡನೆಯದು. ಅಲ್ಲಿ ಕಡಲಿಗಿಂತ ಅಳಿವೆಯೇ ನೋಡಬೇಕಾದದ್ದು. ಇಳಿತದ ಹೊತ್ತಿಗೆ ನದಿಯ ಮಧ್ಯದ ಮರಳು ದಿಬ್ಬಗಳು ಮೇಲೇಳುತ್ತವೆ, ಹೆಂಗಸರೂ ಗಂಡಸರೂ ದೋಣಿಯಲ್ಲಿ ಹೋಗಿ ಮೊಣಕಾಲು ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆಯುತ್ತಾರೆ. ನೀರು ಏರತೊಡಗಿತೆಂದರೆ ಕೆಲಸ ಮುಗಿಯಿತು. ದಂಡೆಯ ಆಚೆಗೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು, ಆ ಉಪ್ಪನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತ, ಹೊಳೆಯ ಇನ್ನೊಂದು ಮಗ್ಗುಲಲ್ಲಿ ಸಾಣಿಕಟ್ಟೆಯ ಉಪ್ಪಿನಾಗರ. ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ದೊರೆತಿದೆ. ‘ಏನೂ ಇಲ್ಲದ ಕಡೆ’ ಎಂದು ಮನೆಯವರು ಹೇಳಿದರೆ ಅವರನ್ನೂ ಒಮ್ಮೆ ಇಲ್ಲಿಗೆ ಕರೆದುಕೊಂಡು ಬನ್ನಿ.

ಆದರೆ ಜನರೇ ಇಲ್ಲದ ತೀರವನ್ನು ಹುಡುಕಬೇಡಿ. ಅಂಥದ್ದು ಈ ಕರಾವಳಿಯಲ್ಲಿ ಹೆಚ್ಚುಕಡಿಮೆ ಇಲ್ಲ, ಇರಬೇಕಾಗಿಯೂ ಇಲ್ಲ. ಮೊಗವೀರರು, ಖಾರ್ವಿಗಳು, ಹರಿಕಂತ್ರರು ಮೊದಲಾದ ಮೀನುಗಾರರು ಬದುಕುವ ಕೇರಿಗಳ ಮುಂದಿನ ಅಂಗಳ ಅದು. ಬೆಳಗಿನ ಜಾವ ಕೈರಂಪಣಿ ಬಲೆ ಬೀಸಿ, ಎರಡೂ ತುದಿಯ ಹಗ್ಗ ಹಿಡಿದು ದಂಡೆಗೆ ಎಳೆಯುವವರ ಪಕ್ಕದಲ್ಲಿ ನೀವು ಒಂದು ಗಂಟೆ ಕುಳಿತರೂ ಯಾರೂ ನಿಮ್ಮನ್ನು ಮಾತಿಗೆಳೆಯಲಾರರು. ಬಲೆ ದಂಡೆಗೆ ಬಂದ ಮೇಲೆ ಬಂಗುಡೆ ಬೇಕೇ ಎಂದು ಕೇಳಿಯಾರು, ಅಷ್ಟೇ. ಹೊತ್ತನ್ನೂ ಗಮನಿಸಿ. ಚಳಿಗಾಲದ ರಾತ್ರಿಯಿಡೀ ನೆಲದಿಂದ ಕಡಲ ಕಡೆಗೆ ಗಾಳಿ ಬೀಸುವುದರಿಂದ ಬೆಳಿಗ್ಗೆ ನೀರು ನಯವಾಗಿರುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಕಡಲ ಗಾಳಿ ಎದ್ದು ಅಲೆಗಳ ಸದ್ದು ಬದಲಾಗುತ್ತದೆ. ಪ್ರವಾಸಿಗರೆಲ್ಲ ಸೂರ್ಯಾಸ್ತಕ್ಕೆ ಬರುತ್ತಾರೆ. ನೀವು ಬೆಳಿಗ್ಗೆ ಹೋಗಿ. ಓಂ ಬೀಚ್ ಕೂಡ ಆ ಹೊತ್ತಿಗೆ ಸಹ್ಯವಾಗಿರುತ್ತದೆ.

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಿರುವುದನ್ನು ನೀವು ಓದಿರಬಹುದು. ಸ್ವಚ್ಛತೆ, ಶೌಚಾಲಯ, ಜೀವರಕ್ಷಕರು ಎಲ್ಲವೂ ಅಲ್ಲಿ ಸಿಗುವುದರಿಂದ ವೃದ್ಧರನ್ನೂ ಮಕ್ಕಳನ್ನೂ ಕರೆದೊಯ್ಯುವವರಿಗೆ ಅವು ಅನುಕೂಲ. ಆದರೆ ಕಾಲುಹಾದಿ, ಆಸನ, ಫಲಕಗಳಿಂದ ಒಪ್ಪವಾಗಿಸಿದ ತೀರದಲ್ಲಿ ನೀವು ಬಯಸುವ ಸಹಜತೆ ಸಿಕ್ಕೀತೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕಡಲತೀರಗಳು ಖಾಲಿ ಇರುತ್ತವೆಂದು ಕೇಳಿದ್ದೇನೆ. ಆಗ ಹೋಗುವುದು ಸರಿಯೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ನೋಡುವುದಕ್ಕೆ ಹೋಗಿ, ನೀರಿಗಿಳಿಯುವುದಕ್ಕೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದಕ್ಕೆಗಳಲ್ಲಿ ಬೋಟುಗಳು ಸಾಲುಗಟ್ಟಿ ನಿಂತಿರುತ್ತವೆ. ಗಾಳಿ ಇಳಿದ ದಿನ ನಾಡದೋಣಿಗಳಷ್ಟೇ ಹೊರಡುತ್ತವೆ. ಚಳಿಗಾಲದಲ್ಲಿ ನೀವು ಕಂಡ ಅಗಲವಾದ ಮರಳು ಆಗ ಅಲ್ಲಿರುವುದಿಲ್ಲ. ಮುಂಗಾರಿನ ಅಲೆಗಳು ಅದನ್ನು ಕೆರೆದು ಒಳಗೊಯ್ದು ನೀರಿನಡಿ ದಿಬ್ಬವಾಗಿ ಪೇರಿಸಿಟ್ಟಿರುತ್ತವೆ, ಮಳೆ ಹಿಂದೆಗೆದ ಮೇಲೆ ಸಣ್ಣ ಅಲೆಗಳು ಮೆಲ್ಲಮೆಲ್ಲನೆ ಮರಳಿ ತಂದು ಹಾಕುತ್ತವೆ. ಆ ದಿಬ್ಬಗಳ ನಡುವಿನ ಸಂದಿಯಲ್ಲಿ, ದಂಡೆಗೆ ಬಂದ ನೀರೆಲ್ಲ ಒಟ್ಟಾಗಿ ಕಡಲಿಗೆ ಹಿಂದಿರುಗುವ ಸೆಳೆತವೇ ಜೀವಕ್ಕೆ ಅಪಾಯ. ಸುತ್ತಲೂ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅಲ್ಲಿ ಸ್ನಾನ ಸುರಕ್ಷಿತವೆಂದು ಹೊಸಬರು ಭಾವಿಸುತ್ತಾರೆ. ಸೆಳೆತವಿರುವುದು ಬಹುಮಟ್ಟಿಗೆ ಅಲ್ಲಿಯೇ. ಅಳಿವೆಯ ಬಳಿಯಂತೂ ಯಾವ ಕಾಲದಲ್ಲಿಯೂ ಇಳಿಯಬೇಡಿ. ಎಂದಾದರೂ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಎದುರೀಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಯಾರೂ ಇಲ್ಲದ ತೀರದಲ್ಲಿ ಕಾಪಾಡುವವರೂ ಇರುವುದಿಲ್ಲ.

ಪ್ರಶ್ನೆ: ನಿವೃತ್ತಿಯ ನಂತರ ಕಡಲಿಗೆ ಎದುರಾಗಿ ಪುಟ್ಟ ಮನೆ ಕಟ್ಟಿಕೊಂಡು ಇರಬೇಕೆಂದಿದ್ದೇವೆ. ತಮ್ಮ ಸಲಹೆ?
– ದಂಪತಿ, ಶಿವಮೊಗ್ಗ

ಉತ್ತರ: ಜಾಗ ಕೊಳ್ಳುವ ಮೊದಲು ಅದೇ ಊರಿನಲ್ಲಿ ಬಾಡಿಗೆಗೆ ಮನೆ ಹಿಡಿದು ಒಂದು ಮಳೆಗಾಲ ಕಳೆಯಿರಿ. ಉಪ್ಪುಗಾಳಿ ಬಾಗಿಲ ಚಿಲಕ, ಫ್ಯಾನು, ಫ್ರಿಜ್ಜು ಎಲ್ಲವನ್ನೂ ತಿನ್ನುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ. 1991ರಿಂದ ಜಾರಿಯಲ್ಲಿರುವ ಕರಾವಳಿ ನಿಯಂತ್ರಣ ವಲಯದ ನಿಯಮಗಳ ಪ್ರಕಾರ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ಜಾಗ ನಿಯಂತ್ರಣಕ್ಕೆ ಒಳಪಟ್ಟಿದೆ. ಜನಸಾಂದ್ರತೆ ಕಡಿಮೆಯಿರುವ ಗ್ರಾಮಗಳಲ್ಲಿ ಮೊದಲ 200 ಮೀಟರ್‌ನಲ್ಲಿ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ದಲ್ಲಾಳಿ ಏನೇ ಹೇಳಲಿ, ಸರ್ವೆ ನಂಬರನ್ನು ವಲಯದ ನಕ್ಷೆಯಲ್ಲಿ ನೀವೇ ನೋಡಿ. ನಿಯಮವನ್ನು ಕಿರಿಕಿರಿಯೆಂದು ತಿಳಿಯಬೇಡಿ. ಉಳ್ಳಾಲದಂಥ ಕಡೆ ಕಡಲ್ಕೊರೆತಕ್ಕೆ ಮನೆಗಳೇ ಹೋಗಿವೆ, ಒಂದು ಕಡೆ ಕಲ್ಲಿನ ತಡೆಗೋಡೆ ಕಟ್ಟಿದರೆ ಕೊರೆತ ಹಲವು ಬಾರಿ ಅದರ ಪಕ್ಕದ ತೀರಕ್ಕೆ ದಾಟಿಕೊಳ್ಳುತ್ತದೆ. ನೀರಿನ ವಿಷಯವೂ ಮುಖ್ಯ. ಮರಳಿನ ಪಟ್ಟಿಯಲ್ಲಿ ಮಳೆಯ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಆಳವಿಲ್ಲದ ಬಾವಿಯಿಂದ ಕೊಡದಲ್ಲಿ ಸೇದುವಷ್ಟು ಕಾಲ ಅದು ಸಿಹಿಯಾಗಿಯೇ ಇರುತ್ತದೆ, ಜೋರಾಗಿ ಪಂಪು ಮಾಡಿದರೆ ನಿಮ್ಮ ಬಾವಿಯೊಂದಿಗೆ ನೆರೆಯವರದ್ದೂ ಉಪ್ಪಾಗಬಹುದು. ನದಿಯ ಕಡೆಗೆ ಮುಖ ಮಾಡಿದ, ತೋಟದ ಒಳಗಿನ ಹಳೆಯ ಹೆಂಚಿನ ಮನೆ ಸಿಕ್ಕರೆ ಅದನ್ನೇ ದುರಸ್ತಿ ಮಾಡಿಸಿಕೊಳ್ಳಿ. ಕಡಲು ಐದು ನಿಮಿಷ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಸಾಕು.

ಪ್ರಶ್ನೆ: ನೀವು ಶಾಂತವಾದ ತೀರವೆಂದು ಬರೆದ ಮರುವಾರವೇ ಕಾರುಗಳು ಬರುತ್ತವೆ, ಬಾಟಲಿ ಹೆಕ್ಕುವ ಕೆಲಸ ನಮ್ಮ ಪಾಲಿಗೆ. ಹೆಸರು ಬರೆಯುವುದೇಕೆ?
– ಕುಂದಾಪುರ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಈ ಅಂಕಣದಲ್ಲಿ ಹೆಸರಿಸಿದ ಊರುಗಳು ಈಗಾಗಲೇ ಬಸ್ಸು, ನಕ್ಷೆಗಳಲ್ಲಿ ಇರುವಂಥವು. ಅದಕ್ಕಿಂತ ಚಿಕ್ಕ ಜಾಗಗಳನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ಜಾಗಗಳ ಗುರುತನ್ನಂತೂ ಇಲ್ಲಿ ಕೊಡುವುದಿಲ್ಲ. ಚಳಿಗಾಲದ ರಾತ್ರಿ ತೀರದಲ್ಲಿ ಉಳಿಯುವವರು ಬೆಂಕಿ ಹಾಕಬಾರದು, ಟಾರ್ಚು ಬೆಳಗಬಾರದು, ಮರಳಿನ ಮೇಲೆ ವಾಹನ ಓಡಿಸಬಾರದು ಎಂಬುದನ್ನು ಮಾತ್ರ ಮತ್ತೆ ಮತ್ತೆ ಬರೆಯುತ್ತೇನೆ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿರುವ ದಿಕ್ಕೇ ಕಡಲೆಂದು ಹೊರಡುವುದರಿಂದ, ದಂಡೆಯ ಒಂದು ದೀಪ ಸಾಕು ಅವು ರಸ್ತೆಯ ಕಡೆಗೆ ತಿರುಗಲು. ನಿಮ್ಮ ಪಂಚಾಯಿತಿ ತೀರಕ್ಕೆ ಇಳಿಯುವ ದಾರಿಗಳಲ್ಲಿ ವಾಹನ ತಡೆಯುವ ಕಲ್ಲುಕಂಬ ನೆಡುವುದಾದರೆ, ಅದನ್ನು ಬೆಂಬಲಿಸಿ ಬರೆಯಲು ಈ ಅಂಕಣ ಸಿದ್ಧವಿದೆ.