ಹೊಸ ಫೈಬರ್ ಮೋಲ್ಡಿಗೆ ರಿಲೀಸ್ ವ್ಯಾಕ್ಸ್ ಹೆಂಗ ಹಚ್ಚಬೇಕು?

ರಿಲೀಸ್ ವ್ಯಾಕ್ಸ್ ಅಂದ್ರ ಫೈಬರ್ ಪ್ಯಾನಲ್ ಮೋಲ್ಡಿಗೆ (ಅಚ್ಚಿಗೆ) ಅಂಟದಂಗ ಹಚ್ಚೋ ಮೇಣ. ಅದನ್ನ ಎರಡು ಕೋಟ್ ಹಚ್ಚಿದ್ರೂ ಪ್ಯಾನಲ್ ಮೂಲಿಯಾಗ ಹಿಡ್ಕೋತದ ಅಂತ ಕೇಳೀರಿ. ಹೊಸ ಮೋಲ್ಡಿಗೆ ಎರಡು ಸಾಲಂಗಿಲ್ರಿ, 5-6 ಕೋಟ್ ಬೇಕು. ಮೊದಲ ಧೂಳು, ಎಣ್ಣಿ ಜಿಡ್ಡು ಎಲ್ಲಾ ತೆಗೀರಿ, ಆಮ್ಯಾಲ ಕಾರ್ನೌಬಾ (ತಾಳಿ ಜಾತಿ ಗಿಡದ ಎಲಿ ಮೇಣ) ಪೇಸ್ಟ್ ವ್ಯಾಕ್ಸ್ ತಗೊಂಡು ಎರಡು ಫೂಟ್ ಜಾಗಾ ಅಷ್ಟೇ ಹಿಡ್ದು ದುಂಡಗ ತಿಕ್ಕಿ ತೆಳ್ಳಗ ಹಚ್ರಿ, ಉಸಿರು ಬಿಟ್ಟ ಕನ್ನಡಿ ಹಂಗ ಮಸುಕಾದ ಕೂಡ್ಲೆ ಸ್ವಚ್ಛ ಕಾಟನ್ ಅರಿವಿಲೆ ಹೊಳಪು ಬರೋತನ ಒರಸ್ರಿ, ಇಲ್ಲಾಂದ್ರ ಗೆರಿ ಉಳದು ಅದೇ ಪ್ಯಾನಲ್ ಮ್ಯಾಲ ಮೂಡ್ತದ. ನಮ್ಮ ಕಲಬುರಗಿ ಮೇ ತಿಂಗಳ ಬಿಸಲಾಗ, 40 ಡಿಗ್ರಿ ದಾಟಿದಾಗಂತೂ ವ್ಯಾಕ್ಸ್ ಭಾಳ ಲಗೂ ಒಣಗ್ತದ, ಅದಕ್ಕ ಮುಂಜಾನಿ ನೆರಳಾಗೇ ಮಾಡ್ರಿ. ಒಂದೊಂದು ಕೋಟಿಗೆ ಒಂದು ತಾಸು ಗ್ಯಾಪ್ ಕೊಡ್ರಿ, ಕಡೀ ಕೋಟ್ ಹಚ್ಚಿ ರಾತ್ರಿ ಪೂರಾ ಬಿಟ್ರ ಇನ್ನೂ ಛಲೋ.

ಮೂಲಿ, ಅಂಚು ಮಾತ್ರ ಮರೀಬ್ಯಾಡ್ರಿ, ನನ್ನ ಮೊದಲ ಪ್ಯಾನಲ್ ಸೀಳಿದ್ದು ಅಲ್ಲೇ. ಬೆರಳಿಗೆ ಅರಿವಿ ಸುತ್ಕೊಂಡು ಒಳಗ ಹಚ್ಚಿ, ಹಂಗೇ ಒರಸಿ ತೆಗೀರಿ. ಕಾರ್ ಪಾಲಿಶ್ ಬ್ಯಾಡೇ ಬ್ಯಾಡ, ಅದ್ರಾಗ ಸಿಲಿಕೋನ್ ಇದ್ರ ಪ್ಯಾನಲಿನ ಹೊರಗಿನ ರಾಳದ ಪದರ, ಅಂದ್ರ ಗೆಲ್‌ಕೋಟ್ ಕೂಡಂಗಿಲ್ಲ, ಮೀನಿನ ಕಣ್ಣಿನಂಥ ಗುಂಡಿ ಬೀಳ್ತಾವ. ಮೊದಲ 2-3 ಪ್ಯಾನಲಿಗೆ ವ್ಯಾಕ್ಸ್ ಮ್ಯಾಲ ಪಿವಿಎ (ಒಣಗಿ ತೆಳು ಪೊರಿ ಆಗಿ ಪ್ಯಾನಲ್ ಅಂಟದಂಗ ಮಾಡೋ ದ್ರಾವಣ) ಹೊಡ್ದು, ಅದು ಪೂರಾ ಒಣಗಿದ ಮ್ಯಾಲೇ ಗೆಲ್‌ಕೋಟಿಗೆ ಕೈ ಹಾಕ್ರಿ.