ಎರಡನೇ ಮಗಳಿಗೆ ‘ವಿನೋನಾ’ ಅಂತ ಹೆಸರಿಡಬಹುದಾ? ಅರ್ಥ ಏನು, ಎಷ್ಟು ಜನ ಇಡ್ತಾರೆ?

ನಾನೂ ಇದೇ ಹೆಸರಿನ ಬೆನ್ನು ಹತ್ತಿದವಳು, ಹಾಗಾಗಿ ನೇರವಾಗಿ ಹೇಳ್ತೀನಿ: ಮನೆಯಲ್ಲಿ ಆಗಲೇ ಒಬ್ಬ ಮಗಳಿದ್ದಾಳೆ ಅಂತ ಬರೆದಿದ್ದೀರಿ, ಎರಡನೆಯವಳಿಗೆ ಈ ಹೆಸರು ಬೇಡ.

ವಿನೋನಾ ಅಂದ್ರೆ ಅಮೆರಿಕದ ಮೂಲನಿವಾಸಿಗಳಾದ ಡಕೋಟಾ ಜನರ ಭಾಷೆಯಲ್ಲಿ ಚೊಚ್ಚಲ ಮಗಳು. ಹೆಸರಿನ ವೆಬ್‌ಸೈಟುಗಳು ‘ಸೂ ಮೂಲದ ಹೆಸರು’ ಅಂತ ಒಂದು ಸಾಲು ಬರೆದು ಬಿಟ್ಟುಬಿಡ್ತವೆ. ‘ಸೂ’ ಅನ್ನೋದು ಈ ಜನರನ್ನು ಹೊರಗಿನವರು ಕರೆದ ಹೆಸರು. ಆ ಜನ ತಮ್ಮನ್ನು ಡಕೋಟಾ, ಲಕೋಟಾ ಅಂತ ಕರ್ಕೊಳ್ತಾರೆ. ಡಕೋಟಾ ಮನೆಗಳಲ್ಲಿ ಹುಟ್ಟಿದ ವರಸೆಗೆ ತಕ್ಕ ಹೆಸರಿತ್ತು. ಮೊದಲ ಮಗು ಹೆಣ್ಣಾದರೆ ವಿನೋನಾ, ಗಂಡಾದರೆ ಚಾಸ್ಕೆ. ಎರಡನೆಯದು ಹೆಣ್ಣಾದರೆ ಹಾಪನ್, ಆಮೇಲೆ ಹಾಪ್ಸ್ತಿನ್, ವಾನ್ಸ್ಕಾ, ವಿಹಾಕೆ. ಕಿರಿಯಳಿಗೆ ವಿನೋನಾ ಅಂತ ಇಡೋದು ನಮ್ಮಲ್ಲಿ ಕಿರಿ ಮಗನಿಗೆ ದೊಡ್ಡಯ್ಯ ಅಂತ ಕರೆದ ಹಾಗೆ. ಅಮೆರಿಕದ ಮಿನೆಸೋಟಾ ರಾಜ್ಯದಲ್ಲೇ ಇರೋರು ನೀವು, ಡಕೋಟಾ ಜನ ಅಲ್ಲಿ ಇವತ್ತಿಗೂ ಇದ್ದಾರೆ. ಕೇಳಿದ ತಕ್ಷಣ ತಪ್ಪು ಹಿಡೀತಾರೆ.

ವರಸೆಯ ಹೆಸರು ಬದುಕಿನ ಪೂರ್ತಿ ಹೆಸರೂ ಆಗಿರಬೇಕಿಲ್ಲ. 1858ರಲ್ಲಿ ಹುಟ್ಟಿ ಮುಂದೆ ವೈದ್ಯನೂ ಲೇಖಕನೂ ಆದ ಡಕೋಟಾ ಜನಾಂಗದ ಚಾರ್ಲ್ಸ್ ಈಸ್ಟ್‌ಮನ್ ಐದು ಮಕ್ಕಳಲ್ಲಿ ಕೊನೆಯವನು. ಹೆತ್ತ ತಾಯಿ ತೀರಿಕೊಂಡಿದ್ದರಿಂದ ‘ಪಾಪ, ಕಡೆಯವನು’ ಅನ್ನೋ ಅರ್ಥದ ಹಕಾದಾ ಅಂತ ಕರೆದರು. ತಮ್ಮ ಗುಂಪು ಲ್ಯಾಕ್ರೋಸ್ ಅನ್ನೋ, ಬಲೆ ಕಟ್ಟಿದ ಕೋಲಿಂದ ಚೆಂಡಾಡೋ ಆಟದಲ್ಲಿ ಗೆದ್ದಾಗ ‘ಗೆದ್ದವನು’ ಅಂತ ಒಹಿಯೆಸಾ ಹೆಸರು ಕೊಟ್ಟರು.

ಒಂದೊಂದು ಊರಲ್ಲಿ ಎಷ್ಟೋ ಚಾಸ್ಕೆಗಳು ಇರ್ತಿದ್ದರು. ಇದರ ಬೆಲೆ ಘೋರವಾಗಿತ್ತು. ಅಮೆರಿಕ ಸರ್ಕಾರದ ಜೊತೆ ಡಕೋಟಾ ಜನರ ಯುದ್ಧ ಮುಗಿದ ಮೇಲೆ, 1862ರ ಡಿಸೆಂಬರ್ 26ರಂದು ಮಿನೆಸೋಟಾದ ಮ್ಯಾಂಕೇಟೋ ಊರಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಅವರಲ್ಲಿ ಚಾಸ್ಕೆ ಅಂತ ಕರೆಸಿಕೊಳ್ತಿದ್ದ ಒಬ್ಬನಿಗೆ ಲಿಂಕನ್ ಗಲ್ಲು ಮನ್ನಾ ಮಾಡಿದ್ದರು. ಹಾಗಿದ್ದೂ ಗಲ್ಲಿಗೆ ಹಾಕಿದರು. ಹೆಸರಿನ ಗೊಂದಲದಿಂದ ಆಯ್ತು ಅಂತ ಹೇಳ್ತಾರೆ. ‘ಕಿವಿಗೆ ಇಂಪಾಗಿದೆ’ ಅಂತ ಮಾತ್ರ ನೋಡಿ ಈ ಹೆಸರುಗಳನ್ನು ಎತ್ತಿಕೊಳ್ಳಬೇಡಿ ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಜನಪ್ರಿಯತೆ ವಿಷಯ. ಅಮೆರಿಕ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಸೈಟಲ್ಲಿ, ಮಕ್ಕಳಿಗೆ ಹೆಚ್ಚು ಇಟ್ಟ ಮೊದಲ 1000 ಹೆಸರು ವರ್ಷವಾರು ಸಿಗುತ್ತೆ. ಪೂರ್ತಿ ಪಟ್ಟಿ ಬೇಕಾದರೆ ಫೈಲ್ ಇಳಿಸಿಕೊಳ್ಳಿ. ವರ್ಷಕ್ಕೆ ಐದಕ್ಕಿಂತ ಕಮ್ಮಿ ಮಕ್ಕಳಿಗೆ ಇಟ್ಟ ಹೆಸರು ಅದರಲ್ಲಿರಲ್ಲ. ಸ್ಪೆಲಿಂಗ್ ಬೇರೆಯಾದರೆ ಲೆಕ್ಕವೂ ಬೇರೆ, ಹಾಗಾಗಿ ಮೂರ್ನಾಲ್ಕು ಸ್ಪೆಲಿಂಗ್ ಹುಡುಕಿ ಕೂಡಿಸಿ. ವಿನೋನಾ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮೊದಲ ಸಾವಿರದೊಳಗಿತ್ತು. 1971ರಲ್ಲಿ ಹುಟ್ಟಿದ ನಟಿ ವಿನೋನಾ ರೈಡರ್‌ಗೆ ಹೆಸರು ಬಂದದ್ದು ಮಿನೆಸೋಟಾದ ವಿನೋನಾ ಊರಿಂದ.

ಇದರ ಬದಲು ‘ಡಕೋಟಾ’ ಅಂತ ಇಡೋಣ ಅನ್ನಿಸಿದರೆ, ಅದೂ ಬೇಡ. ‘ಮಿತ್ರರು’ ಅನ್ನೋ ಅರ್ಥ ಚೆನ್ನಾಗಿದೆ, 1990ರ ದಶಕದಲ್ಲಿ ಗಂಡು ಹೆಣ್ಣು ಇಬ್ಬರಿಗೂ ತುಂಬಾ ಇಟ್ಟರು. ಆದರೆ ಅದು ಒಂದು ಜನಾಂಗ ತನ್ನನ್ನು ಕರೆದುಕೊಳ್ಳೋ ಹೆಸರು. ನಿಮ್ಮ ಅಜ್ಜಿಯರ ಹೆಸರುಗಳನ್ನು ಮೊದಲು ಒಂದು ಕಾಗದದ ಮೇಲೆ ಬರೆದು ನೋಡಿ.