ಬಣ್ಣದಲ್ಲಿ ತೆಗೆದು ಆಮೇಲೆ ಕಪ್ಪುಬಿಳುಪಾಗಿಸಿದರೆ ಸಾಲದೆ?

ಬಣ್ಣದಲ್ಲಿ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕ್ಷಣಾರ್ಧದಲ್ಲಿ ಕಪ್ಪುಬಿಳುಪಾಗಿಸಬಹುದಾದ ಈ ಕಾಲದಲ್ಲಿ, ಜೀವಮಾನವಿಡೀ ಕಪ್ಪುಬಿಳುಪು ಫಿಲ್ಮಿಗೇ ಅಂಟಿಕೊಳ್ಳುವುದರಲ್ಲಿ ಹಟವಲ್ಲದೆ ಬೇರೇನಿದೆ ಎಂದು ಕೇಳಿದ್ದೀರಿ. ಹಟ ಸ್ವಲ್ಪ ಇದೆ. ಆದರೆ ನನ್ನ ಮುಖ್ಯ ಕಾರಣ ಕ್ಲಿಕ್ಕಿಸುವ ಮೊದಲೇ ಆಗಬೇಕಾದ ತೀರ್ಮಾನಕ್ಕೆ ಸಂಬಂಧಿಸಿದ್ದು.

ನಾನು ಮುಂಬಯಿಯ ಮಾಟುಂಗಾದವನು. ಇಲ್ಲಿಯ ಹೂವಿನ ಅಂಗಡಿಗಳೆದುರು ಬಾಳೆಲೆಯ ಕಟ್ಟಿನ ಪಕ್ಕದಲ್ಲಿ ಕೆಂಪು ಸೀರೆಯುಟ್ಟ ಗೃಹಿಣಿಯೊಬ್ಬರು ನಿಂತಿದ್ದರೆ ಕಣ್ಣಿಗೆ ಎರಡೂ ಎದ್ದು ಕಾಣುತ್ತವೆ. ಫಿಲ್ಮಿನಲ್ಲಿ ಮಾತ್ರ ಆ ಕೆಂಪೂ ಆ ಹಸಿರೂ ಹೆಚ್ಚುಕಡಿಮೆ ಒಂದೇ ಬೂದು ಛಾಯೆಗಿಳಿದು ಬೆರೆತುಹೋಗಬಹುದು. ಲೆನ್ಸಿನ ಮುಂದೆ ಹಸಿರು ಫಿಲ್ಟರ್ ಹಾಕಿದರೆ ಎಲೆ ಬೆಳಗಿ ಸೀರೆ ಕಪ್ಪಾಗುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಸೀರೆ ತಿಳಿಯಾಗಿ ಎಲೆ ಗಾಢವಾಗುತ್ತದೆ. ಅದರೊಂದಿಗೆ ಹಣೆಯ ಕುಂಕುಮವೂ ಮೈಬಣ್ಣದಲ್ಲಿ ಕರಗಿ ಬಹುಪಾಲು ಮಾಯವಾಗುತ್ತದೆ. (ಆ ಚಿತ್ರವನ್ನು ಅವರ ಕೈಗೆ ಕೊಡುವ ಧೈರ್ಯ ನನಗಂತೂ ಇಲ್ಲ.) ಇವೆಲ್ಲವನ್ನೂ ಕಂಪ್ಯೂಟರ್ ಇನ್ನಷ್ಟು ಸಲೀಸಾಗಿ ಮಾಡುತ್ತದೆಂಬುದು ನಿಜ. ಆದರೆ ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡವನು ಅಂಗಡಿಯ ಮುಂದೆ ನಿಂತಾಗ ಬಣ್ಣಕ್ಕೆ ಮರುಳಾಗುತ್ತಾನೆಯೇ ಹೊರತು, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮುಖದ ಹಿಂದೆ ನೆರಳು ಸಿಕ್ಕೀತೆ ಎಂದು ಯೋಚಿಸುವುದಿಲ್ಲ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ತಮ್ಮ ಮಕ್ಕಳ ಚಿತ್ರಗಳನ್ನು ಪ್ರದರ್ಶಿಸಿದ ಮೈಸೂರಿನ ಟಿ. ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ಒಮ್ಮೆ ಈ ದೃಷ್ಟಿಯಿಂದ ನೋಡಿ. ಅಲ್ಲಿ ಬಣ್ಣದ ಕೊರತೆ ಕಾಣುವುದಿಲ್ಲ, ಏಕೆಂದರೆ ಅವರು ಅದನ್ನು ನೆಚ್ಚಿಕೊಂಡೇ ಇರಲಿಲ್ಲ.

ಡಾರ್ಕ್‌ರೂಮಿನ ಕೆಲಸ ನನಗೆ ಪ್ರಿಯವಾದರೂ ಮುಂಬಯಿಯಲ್ಲಿ ಅದು ಸುಲಭವಲ್ಲ. ಎಚ್‌ಪಿ5 ಪ್ಲಸ್ ಎಂಬ ಕಪ್ಪುಬಿಳುಪು ಫಿಲ್ಮನ್ನು, ಚಿತ್ರ ಮೂಡಿಸುವ ಡಿ-76 ಎಂಬ ದ್ರಾವಣದಲ್ಲಿ ಮತ್ತೆ ನೀರು ಬೆರೆಸದೆ ತೊಳೆಯಲು ಹೇಳಿರುವ ಅವಧಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳೂವರೆ ನಿಮಿಷ. ಮೇ ತಿಂಗಳಲ್ಲಿ ನಲ್ಲಿಯ ನೀರು ಅದಕ್ಕಿಂತ ಎಷ್ಟೋ ಬಿಸಿಯಾಗಿರುವುದರಿಂದ, ದ್ರಾವಣದ ಬಾಟಲಿಯನ್ನು ಮಂಜುಗಡ್ಡೆ ಹಾಕಿದ ಬಕೆಟ್ಟಿನಲ್ಲಿ ಇಳಿಬಿಟ್ಟು ಥರ್ಮಾಮೀಟರ್ ಹಿಡಿದು ಕೂರಬೇಕು. ಮಳೆಗಾಲದಲ್ಲಿ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿಯದಂತೆ ತೇವ ಹೀರುವ ಸಿಲಿಕಾ ಜೆಲ್ ಇಡಬೇಕು. ಇನ್ನು ಫೈಬರ್ ಕಾಗದದ ಮೇಲಿನ ಪ್ರಿಂಟು ಒದ್ದೆಯಿದ್ದಾಗ ಹೊಳೆಯುವಷ್ಟು ಒಣಗಿದ ಮೇಲೆ ಹೊಳೆಯುವುದಿಲ್ಲ, ಬಿಳುಪು ತುಸು ಮಂಕಾಗುತ್ತದೆ. ಆದ್ದರಿಂದ ಒಣಗಿದ ಮೇಲೆ ಹೇಗಿದ್ದೀತೆಂದು ಊಹಿಸಿ, ಬೆಳಕು ಕೊಡುವ ಸಮಯವನ್ನು ಮೊದಲೇ ಕೊಂಚ ಕಡಿಮೆ ಮಾಡಬೇಕಾಗುತ್ತದೆ.

ಎಲ್ಲದಕ್ಕೂ ಕಪ್ಪುಬಿಳುಪೇ ಸರಿಯೆಂದು ನಾನು ವಾದಿಸುವುದಿಲ್ಲ. ಇಲ್ಲಿಯ ಕನ್ನಡಿಗರ ಯಕ್ಷಗಾನ ಪ್ರದರ್ಶನಗಳಲ್ಲಿ ರಂಗದ ಮೇಲಿನ ಬಣ್ಣದ ವೇಷವನ್ನು ನಾನು ತೆಗೆಯುವುದಿಲ್ಲ, ಅಲ್ಲಿ ಬಣ್ಣವೇ ಪಾತ್ರ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಕಲಾವಿದರನ್ನು ಮಾತ್ರ ತೆಗೆಯುತ್ತೇನೆ.

ನಿಮಗೆ ಫಿಲ್ಮಿನ ಖರ್ಚು ಬೇಡವಾದರೆ, ನಿಮ್ಮ ಡಿಜಿಟಲ್ ಕ್ಯಾಮೆರಾದ ಪರದೆಯನ್ನು ಕಪ್ಪುಬಿಳುಪಿಗೆ ಹೊಂದಿಸಿ, ಸಂಸ್ಕರಿಸದ ಮೂಲ ಮಾಹಿತಿಯನ್ನು ಉಳಿಸುವ ರಾ (RAW) ಕಡತದಲ್ಲಿ ಚಿತ್ರ ತೆಗೆಯಿರಿ. ಬಣ್ಣದ ಮಾಹಿತಿ ಕಡತದಲ್ಲಿ ಉಳಿದೇ ಇರುತ್ತದೆ. ಕೆಲವು ವಾರ ಹಾಗೆ ಮಾಡಿದ ಮೇಲೂ ಬಣ್ಣವೇ ಬೇಕೆನಿಸಿದರೆ ಸಂಕೋಚವಿಲ್ಲದೆ ಬಣ್ಣದಲ್ಲೇ ತೆಗೆಯಿರಿ.